ಮಂಜಿನಲ್ಲಿ ಹಿಂದಕ್ಕೆ ನಡೆದವನು

ಅಬುಧಾಬಿ ಹೆದ್ದಾರಿಯಲ್ಲಿ ಆ ಬೆಳಿಗ್ಗೆ ನಿಜವಾಗಿ ಏನು ನಡೆಯಿತೆಂದು ನನಗೆ ಇವತ್ತಿಗೂ ಖಚಿತವಿಲ್ಲ. ಏನು ಕಂಡೆನೆಂದು ಹೇಳಬಲ್ಲೆ. ಆದರೆ ಕಂಡದ್ದು ಅಲ್ಲಿ ಇತ್ತೇ, ಅಥವಾ ಆಮೇಲೆ ಕೇಳಿದ ಒಂದು ಕಥೆಯನ್ನು ನನ್ನ ನೆನಪೇ ಹಿಂದಕ್ಕೆ ಒಯ್ದು ಅಲ್ಲಿ ಅಂಟಿಸಿತೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ಎರಡು ವರ್ಷ ಕಳೆದೆ. ಓದುವವರು ನನ್ನನ್ನು ನಂಬಬೇಕೆಂದು ಕೇಳುವುದಿಲ್ಲ. ನಾನೇ ನನ್ನನ್ನು ಪೂರ್ತಿ ನಂಬಿದವನಲ್ಲ.

ಇಂಥ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದ ತಾಳ್ಮೆ ಕಡಿಮೆ. ಮಂಗಳೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗಲೇ ಈ ಚಟ ಹತ್ತಿತ್ತು. ಯಾರಾದರೂ ತೀರಿಕೊಂಡ ಅತ್ತೆ ಬಾಗಿಲಲ್ಲಿ ನಿಂತಿದ್ದಳು ಎಂದರೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ಆಗ ಬೆಳಕು ಎಷ್ಟಿತ್ತು? ನಿಮಗೆ ನಿದ್ದೆ ಸರಿಯಾಗಿತ್ತೇ? ಇದೇ ಥರದ ಕಥೆಯನ್ನು ಮೊದಲೇ ಎಲ್ಲಾದರೂ ಕೇಳಿದ್ದಿರೇ? ಸಾಮಾನ್ಯವಾಗಿ ಮೂರನೆಯ ಪ್ರಶ್ನೆಗೆ ಎದುರಿನವರು ಸುಮ್ಮನಾಗುತ್ತಿದ್ದರು. ಗೆದ್ದೆ ಎಂದುಕೊಂಡು ನಾನು ಎದ್ದು ಬರುತ್ತಿದ್ದೆ. ಅವರಲ್ಲಿ ಕೆಲವರಿಗೆ ನಾನೀಗ ಕ್ಷಮೆ ಕೇಳಬೇಕಾಗಿದೆಯೋ ಏನೋ, ಅದೂ ಗೊತ್ತಿಲ್ಲ.

ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ನಾನು ಮೇಷ್ಟರು. ಮನೆ ಮಾತ್ರ ದುಬೈಯ ಅಲ್ ನಹ್ದಾದಲ್ಲಿ. ಹೆಂಡತಿಯ ಕೆಲಸ, ಮಗಳ ಶಾಲೆ ಎರಡೂ ಅಲ್ಲಿಯೇ. ಹೀಗಾಗಿ ದಿನಾ ಬೆಳಿಗ್ಗೆ ಐದೂವರೆಗೆ ಕಾರು ಹೊರಡಬೇಕು. ಜೊತೆಗೆ ಇಬ್ಬರು ಖಾಯಂ ಪ್ರಯಾಣಿಕರು. ಹಿಂದಿನ ಸೀಟಿನಲ್ಲಿ ಐರಿನ್ ಸಿಸ್ಟರ್, ಶಿರ್ವ ಕಡೆಯವರು, ಖಲೀಫಾ ಸಿಟಿಯ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸ್. ಜಬಲ್ ಅಲಿ ದಾಟುವುದರೊಳಗೆ ಅವರ ಜಪಸರ ಒಂದು ಸುತ್ತು ಮುಗಿದಿರುತ್ತಿತ್ತು. ಮುಂದಿನ ಸೀಟಿನಲ್ಲಿ ಸುಧಾಕರಣ್ಣ, ಕಾಪುವಿನವರು, ಒಂದು ಹೋಟೆಲಿನ ಸ್ಟೋರ್ ನೋಡಿಕೊಳ್ಳುವವರು. ಕಾರು ಹತ್ತಿದ ಕೂಡಲೇ ನಿದ್ದೆ ಹೋಗುವುದು, ನಿದ್ದೆಯ ನಡುವೆ ಕಣ್ಣು ಬಿಟ್ಟು ನನ್ನ ಡ್ರೈವಿಂಗ್ ತಿದ್ದುವುದು, ಇವೆರಡು ಅವರ ಅಭ್ಯಾಸ.

ಅದು ಜನವರಿ. ಜಬಲ್ ಅಲಿಯವರೆಗೆ ರಸ್ತೆ ಚೆನ್ನಾಗಿತ್ತು. ಘಂತೂತ್ ಬರುವಷ್ಟರಲ್ಲಿ ಮಂಜು ಶುರುವಾಯಿತು. ರಸ್ತೆಯ ಮೇಲಿನ ಫಲಕ ವೇಗದ ಮಿತಿ ಎಂಬತ್ತೆಂದು ತೋರಿಸಿತು. ಇನ್ನೊಂದು ಹತ್ತು ನಿಮಿಷಕ್ಕೆ ಫಲಕಗಳೇ ಕಾಣದಾದವು. ಇಲ್ಲಿಯ ಮಂಜು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ನಮ್ಮ ಕಡೆ ತೇಲಿ ಬರುವುದಿಲ್ಲ. ಗೋಡೆಯ ಹಾಗೆ ನಿಂತಿರುತ್ತದೆ, ನಾವು ಹೋಗಿ ಅದರೊಳಗೆ ಹೊಗುತ್ತೇವೆ. ಬೆಳಗಾಗುತ್ತಿತ್ತು. ಕತ್ತಲೆಯಿದ್ದಾಗ ಹೆಡ್‌ಲೈಟಿನಲ್ಲಿ ರಸ್ತೆಯ ಗೆರೆಯಾದರೂ ಕಾಣುತ್ತಿತ್ತು. ಬೆಳಕು ಬಂದ ಮೇಲೆ ಅದೂ ಹೋಗಿ ಎಲ್ಲ ಬಿಳಿಯಾಯಿತು.

“ಹಜಾರ್ಡ್ ಹಾಕಿ ಮಾಸ್ಟ್ರೇ, ಎಲ್ಲರೂ ಹಾಕಿದ್ದಾರೆ” ಎಂದರು ಸುಧಾಕರಣ್ಣ. ಅವರ ನಿದ್ದೆ ಪೂರ್ತಿ ಹಾರಿತ್ತು.

ಹಾಕಬಾರದೆಂದು ಪೊಲೀಸರು ಪ್ರತಿ ಚಳಿಗಾಲ ಹೇಳುತ್ತಾರೆ, ಪ್ರತಿ ಚಳಿಗಾಲ ನಾವೆಲ್ಲ ಹಾಕುತ್ತೇವೆ. ಓಡುವ ಕಾರಿನಲ್ಲೂ ನಾಲ್ಕೂ ದೀಪ ಮಿನುಗುತ್ತಿದ್ದರೆ ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂದು ಹಿಂದಿನವನಿಗೆ ತಿಳಿಯುವುದು ಹೇಗೆ? ಇದನ್ನು ಹತ್ತನೆಯ ತರಗತಿಗೆ ವಿವರಿಸಿ ಹೇಳಿದ ನಾನೇ ಆ ದಿನ ಗುಂಡಿ ಒತ್ತಿದೆ. ಮುಂದಿನ ಕಾರಿನ ಮಿನುಗುವ ದೀಪಗಳ ಹಿಂದೆಯೇ ಎರಡು ಮೂರು ಕಿಲೋಮೀಟರ್ ಹೋದೆ. ಆಮೇಲೆ ಆ ದೀಪಗಳು ಇಲ್ಲವಾದವು. ಯಾವ ಕಡೆಗೆ ತಿರುಗಿದವೋ ಕಾಣಲಿಲ್ಲ.

ವೇಗ ಇಪ್ಪತ್ತಕ್ಕೆ, ಆಮೇಲೆ ನಡಿಗೆಯ ವೇಗಕ್ಕೆ ಇಳಿಯಿತು. ನಾನು ಯಾವ ಲೇನಿನಲ್ಲಿದ್ದೇನೆಂದೂ ತಿಳಿಯಲಿಲ್ಲ. ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ. ಹೋದರೆ ನಿಂತವರಿಗೆ ನಾನು ಗುದ್ದುತ್ತೇನೆ. ಕಾರಿನಲ್ಲಿ ನನ್ನದಲ್ಲದೆ ಇನ್ನೂ ಎರಡು ಜೀವಗಳಿವೆ, ಎರಡೂ ನನ್ನ ಕಾಲಿನಡಿಯ ಪೆಡಲ್ಲಿನ ಮೇಲಿವೆ ಎಂಬುದೊಂದೇ ಆಗ ತಲೆಯಲ್ಲಿದ್ದ ಸ್ಪಷ್ಟ ವಿಚಾರ.  ಹಿಂದೆ ಜಪಸರದ ಸದ್ದು ನಿಂತಿತ್ತು.

ಆಗ ಎರಡು ಕೈಗಳು ಕಂಡವು.

ಕಂಡಷ್ಟನ್ನೇ ಬರೆಯುತ್ತೇನೆ. ಬಾನೆಟ್ಟಿನಿಂದ ಐದಾರು ಹೆಜ್ಜೆ ಮುಂದೆ, ಮನುಷ್ಯನೊಬ್ಬನ ಎತ್ತರಕ್ಕೆ, ಎರಡು ಕೈಗಳು ಮೇಲೆದ್ದಿದ್ದವು. ಮುಖ ಕಾಣಲಿಲ್ಲ. ಮೈ ಇದ್ದ ಜಾಗದಲ್ಲಿ ಮಂಜು ಸ್ವಲ್ಪ ದಟ್ಟವಾಗಿತ್ತು, ಅಷ್ಟೆ. ಅಂಗೈಗಳು ನನ್ನ ಕಡೆಗಿದ್ದವು. ಮಣಿಕಟ್ಟಿನ ಸುತ್ತ ಬಿಳಿ ಪಟ್ಟಿ ಸುತ್ತಿತ್ತು. ಆ ಬಿಳಿ ಮಂಜಿನ ಬಿಳಿಗಿಂತ ಬೇರೆ, ಬಟ್ಟೆಯ ಬಿಳಿ. ಕಾರು ಮುಂದೆ ಹೋದಷ್ಟೂ ಕೈಗಳು ಅಷ್ಟೇ ದೂರದಲ್ಲಿ ಉಳಿದವು. ಅಂದರೆ ಆ ಮನುಷ್ಯ ನನಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುತ್ತಿದ್ದ. ಬೆರಳುಗಳು ಮಡಚಿ ನನ್ನನ್ನು ಕರೆದವು, ಆಮೇಲೆ ಎರಡೂ ಕೈ ನನ್ನ ಬಲಕ್ಕೆ ವಾಲಿದವು. ನಾನು ಬಲಕ್ಕೆ ತಿರುಗಿಸಿದೆ. ಇನ್ನೂ ಬಲಕ್ಕೆ ಎಂದವು. ಚಕ್ರದ ಕೆಳಗೆ ಡಾಂಬರಿನ ಸದ್ದು ಬದಲಾಗಿ ಜಲ್ಲಿಯ ಸದ್ದು, ಆಮೇಲೆ ಮರಳಿನ ಸದ್ದು ಬಂತು. ಆ ಹೆದ್ದಾರಿಯ ಅಂಚಿನಲ್ಲಿ ಉದ್ದಕ್ಕೂ ಕಬ್ಬಿಣದ ತಡೆ ಇದೆ. ನಾವು ಅದಕ್ಕೆ ತಾಗಲಿಲ್ಲ.

“ಎಲ್ಲಿಗೆ ತಿರುಗಿಸ್ತೀರಿ ಮಾರಾಯ್ರೆ? ರೋಡು ಬಿಟ್ರಲ್ಲ!” ಎಂದು ಸುಧಾಕರಣ್ಣ ಕೂಗಿದರು. ನಾನು ಕೈಗಳನ್ನೇ ನೋಡುತ್ತ ಹೋದೆ.

ಇದ್ದಕ್ಕಿದ್ದಂತೆ ಅವನ ಎಡಗೈ ಕೆಳಗೆ ಬಿತ್ತು. ಕೈ ಇಳಿಸಿದ ಹಾಗಲ್ಲ, ಬಿದ್ದ ಹಾಗೆ. ಒಂದು ಕ್ಷಣ ಬಲಗೈ ಮಾತ್ರ. ಆಮೇಲೆ ಎಡಗೈ ಮತ್ತೆ ಎದ್ದಿತು, ಆದರೆ ಎದೆಯ ಮಟ್ಟಕ್ಕಿಂತ ಮೇಲೆ ಬರಲಿಲ್ಲ. ಹಾಗೆಯೇ ಇನ್ನೂ ಹತ್ತು ಹದಿನೈದು ಹೆಜ್ಜೆ ನಡೆಯಿತು. ಆಮೇಲೆ ಎರಡೂ ಕೈಗಳು ಮಾಯವಾದವು.

ನಾನು ಬ್ರೇಕು ಒತ್ತಿದೆ. ಏಕೆ ಒತ್ತಿದೆ ಎಂದು ಕೇಳಿದರೆ ಹೇಳಲಾರೆ. ದಾರಿ ತೋರಿಸುವವನು ಕಾಣದಾದರೆ ಅವನನ್ನು ಹುಡುಕುತ್ತ ಮುಂದೆ ಹೋಗುವುದೇ ಸಹಜ. ಆದರೆ ಕೈ ಕಾಣದಿದ್ದರೆ ನಿಲ್ಲಬೇಕು ಎಂದು ಯಾರೋ ಮೊದಲೇ ಹೇಳಿಕೊಟ್ಟ ಹಾಗೆ ನನ್ನ ಕಾಲು ತಾನೇ ಇಳಿಯಿತು. ಕಾರು ನಿಂತಿತು. ಗಾಜಿನಿಂದ ಒಂದು ಮೊಳ ದೂರದಲ್ಲಿ ಕಬ್ಬಿಣದ ಸರಳುಗಳ ತುದಿಗಳಿದ್ದವು. ಮಂಜು ಕರಗಲಿ ಎಂದು ದೀಪ ಆರಿಸಿ ಮರಳಿನಲ್ಲಿ ನಿಲ್ಲಿಸಿದ್ದ ಒಂದು ಟ್ರೇಲರ್; ಅದರ ಹಿಂಬದಿಗೆ ಚಾಚಿಕೊಂಡಿದ್ದ ಸರಳುಗಳು ನೇರ ನಮ್ಮ ಮುಖದ ಎತ್ತರಕ್ಕಿದ್ದವು.

 ಉಸಿರು ನಾಲ್ಕು ಬಾರಿ ಎಳೆದಿರಬಹುದು. ಆಗ ಎಡಬದಿಯಿಂದ, ನಾವು ಬಿಟ್ಟು ಬಂದ ರಸ್ತೆಯಿಂದ ಸದ್ದು ಬಂತು. ಒಂದು ಡಿಕ್ಕಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಒಂದರ ಹಿಂದೆ ಒಂದು, ಎಣಿಸುವುದನ್ನು ನಿಲ್ಲಿಸಿದೆ. “ಜೆಜು, ಜೆಜು” ಎಂದು ಐರಿನ್ ಸಿಸ್ಟರ್ ಮೆಲ್ಲಗೆ ಯೇಸುವನ್ನು ಕರೆಯುತ್ತಿದ್ದರು. ನಾನು ಸುಧಾಕರಣ್ಣನನ್ನು ಕೇಳಿದೆ, ಆ ಮನುಷ್ಯ ಎಲ್ಲಿ ಹೋದ?

“ಯಾವ ಮನುಷ್ಯ?”

“ನಮ್ಮ ಮುಂದೆ ನಡೀತಿದ್ನಲ್ಲ, ಕೈ ತೋರಿಸಿಕೊಂಡು.”

“ನನಗೆ ಹಾಲು ಚೆಲ್ಲಿದ ಹಾಗೆ ಬಿಳಿ ಮಾತ್ರ ಕಂಡದ್ದು ಮಾಸ್ಟ್ರೇ. ಮನುಷ್ಯನೂ ಇಲ್ಲ, ಕೈಯೂ ಇಲ್ಲ.” ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನೀರು ಕುಡೀರಿ ಮೊದಲು.”

ಮುಂದಿನದು ಹೆಚ್ಚು ಹೇಳುವಂಥದ್ದಲ್ಲ. ಐರಿನ್ ಸಿಸ್ಟರ್ ಊರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಏನೋ ಮಾತಾಡಿ ಧ್ವನಿಸಂದೇಶ ಕಳಿಸಿದರು, ಕೆಳಗಿಳಿದರು, ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು ಸದ್ದು ಬಂದ ಕಡೆ ಹೊರಟರು. ಬೇಡ, ಇನ್ನೂ ಕಾರುಗಳು ಬರುತ್ತಿವೆ ಎಂದೆ. “ತಡೆಯ ಈಚೆಯಿಂದಲೇ ನೋಡ್ತೇನೆ. ನನ್ನ ಕೆಲಸ ನನಗೆ ಗೊತ್ತುಂಟು, ನೀವು ಕೂತ್ಕೊಳ್ಳಿ” ಎಂದು ಗದರಿದರು. ಪೊಲೀಸರು ಬರುವವರೆಗೂ ಅವರು ಅಲ್ಲಿದ್ದರು. ಮಂಜು ಸರಿದ ಮೇಲೆ ನೋಡಿದರೆ, ದುರಸ್ತಿಗೆಂದು ಬಿಚ್ಚಿಟ್ಟಿದ್ದ ತಡೆಯ ಜಾಗದಲ್ಲಿ ಒಂದು ಕಾರು ನುಸುಳುವಷ್ಟು ಅಗಲದ ಕಂಡಿ ಇತ್ತು. ನಮ್ಮ ಚಕ್ರದ ಗುರುತು ಅದರ ನಟ್ಟನಡುವೆ ಹಾದುಬಂದಿತ್ತು. ಮರಳಿನಲ್ಲಿ ಹೆಜ್ಜೆಗುರುತು ಹುಡುಕಿದೆ. ಅಷ್ಟರಲ್ಲಿ ಟ್ರೇಲರಿನ ಚಾಲಕ, ನಾವು, ಪೊಲೀಸರು ಎಲ್ಲ ತುಳಿದಾಗಿತ್ತು.

ಎರಡು ದಿನದಲ್ಲಿ ನಾನು ನನ್ನದೇ ವಿವರಣೆ ಕಂಡುಕೊಂಡೆ. ತಡೆ ದುರಸ್ತಿ ಮಾಡುವ ಕೆಲಸಗಾರ ಇದ್ದಿರಬೇಕು, ಬಿಳಿ ಕೈಗವಸು ಹಾಕಿರಬೇಕು. ಅಂಥ ಮಂಜಿನಲ್ಲಿ ಹೆದ್ದಾರಿಯ ನಡುವೆ ಹಿಂದೆ ಹಿಂದೆ ನಡೆಯುವ ಕೆಲಸಗಾರ ಯಾರು ಎಂಬುದನ್ನು ಯೋಚಿಸಲು ಹೋಗಲಿಲ್ಲ. ಸುಧಾಕರಣ್ಣ ಮಾತ್ರ ಒಂದು ವಾರ ಬಿಡಲಿಲ್ಲ. “ಇವತ್ತು ನಿಮ್ಮ ಜನ ರಜೆಯಾ ಮಾಸ್ಟ್ರೇ? ಕೈ ತೋರಿಸ್ಲಿಕ್ಕೆ ಬಂದಿಲ್ಲ” ಎಂದು ಘಂತೂತ್ ಬಂದಾಗಲೆಲ್ಲ ಕೇಳುತ್ತಿದ್ದರು. ಕೊನೆಗೆ ಅವರೂ ಮರೆತರು.

ಇನ್ನು ಎರಡನೆಯ ಮಂಜು. ಅದು ಇನ್ನೊಂದು ಚಳಿಗಾಲದ ಬೆಳಿಗ್ಗೆ, ಶಾಲೆಯ ಬಸ್ಸುಗಳು ಬಂದು ನಿಲ್ಲುವ ಅಂಗಳದಲ್ಲಿ.

ನಮ್ಮ ಶಾಲೆಯಲ್ಲಿ ಬಸ್ಸುಗಳ ಉಸ್ತುವಾರಿಗೆ ಒಬ್ಬ ಅರಬ್ಬೀ ಹಿರಿಯರಿದ್ದಾರೆ. ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಾರೆ. ಇಲ್ಲಿ ಆಟದ ಮೇಷ್ಟರನ್ನೂ ಕ್ಯಾಪ್ಟನ್ ಎಂದೇ ಕರೆಯುವುದರಿಂದ ನಾನು ಆ ಹೆಸರಿಗೆ ಅರ್ಥ ಹುಡುಕಿರಲಿಲ್ಲ. ಇಪ್ಪತ್ತು ಬಸ್ಸುಗಳನ್ನು ಆ ಇಕ್ಕಟ್ಟಿನ ಅಂಗಳದಲ್ಲಿ ಅವರು ಕೈಸನ್ನೆಯಿಂದಲೇ ಸಾಲುಗೂಡಿಸುತ್ತಿದ್ದರು. ಬಾಯಿಂದ ಬರುವುದು ಹೊರಡಿ ಎನ್ನಲು ‘ಯಲ್ಲಾ’, ಸಾಕು ಎನ್ನಲು ‘ಖಲಾಸ್’, ಎರಡೇ ಮಾತು. ಎಡಗೈ ಅವರಿಗೆ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ದಿನಾ ನೋಡುವುದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ನನ್ನ ಕಣ್ಣಿಗೂ.

ಆ ದಿನ ಮಕ್ಕಳನ್ನು ಇಳಿಸಿಕೊಳ್ಳುವ ಸರದಿ ನನ್ನದು. ಅಂಗಳದಲ್ಲಿ ಒಂದು ಬಸ್ಸಿನ ಉದ್ದದಷ್ಟೂ ಕಾಣದ ಮಂಜು. ಕ್ಯಾಪ್ಟನ್ ಒಂದು ಬಸ್ಸಿನ ಪ್ರಥಮ ಚಿಕಿತ್ಸೆಯ ಡಬ್ಬಿ ತೆರೆದು, ಬ್ಯಾಂಡೇಜ್ ಬಟ್ಟೆ ತೆಗೆದು, ಎರಡೂ ಮಣಿಕಟ್ಟಿಗೆ ದಪ್ಪವಾಗಿ ಸುತ್ತಿಕೊಂಡರು. ಹಲ್ಲಿನಿಂದ ಗಂಟು ಬಿಗಿದರು. ಕೈ ಎತ್ತಿ ಮೊದಲ ಬಸ್ಸಿನ ಮುಂದೆ ನಿಂತರು. ಬಲಗೈ ಮೇಲೆ, ಎಡಗೈ ಎದೆಯ ಮಟ್ಟಕ್ಕೆ.

ನನ್ನ ಕೈಯಲ್ಲಿದ್ದ ಹಾಜರಿ ಪಟ್ಟಿ ಕೆಳಗೆ ಬಿತ್ತು. ಮಕ್ಕಳು ನಕ್ಕರು.

ಬಸ್ಸುಗಳೆಲ್ಲ ನಿಂತ ಮೇಲೆ ಎರಡು ಲೋಟ ಕಡಕ್ ಚಹಾ ತಂದು ಅವರ ಹತ್ತಿರ ಕೂತು ಕೇಳಿದೆ, ಇದನ್ನು ಎಲ್ಲಿ ಕಲಿತಿರಿ? ನನ್ನ ಮುರುಕು ಅರಬ್ಬಿಯಲ್ಲೂ ಅವರ ಮುರುಕು ಇಂಗ್ಲಿಷಿನಲ್ಲೂ ನಡೆದ ಮಾತನ್ನು ನಮ್ಮ ಭಾಷೆಯಲ್ಲಿ ಬರೆಯುತ್ತಿದ್ದೇನೆ. ದೇಶದ ಹೆಸರು ಬರೆಯಬೇಡಿ ಎಂದಿದ್ದಾರೆ. ಅವರ ತಾಯಿ, ತಮ್ಮಂದಿರು ಇನ್ನೂ ಅಲ್ಲಿದ್ದಾರೆ.

ಅವರು ನಿಜವಾಗಿಯೂ ಕ್ಯಾಪ್ಟನ್. ತಮ್ಮ ದೇಶದ ಸೈನ್ಯದಲ್ಲಿ ಟ್ಯಾಂಕ್ ಪಡೆಯ ಅಧಿಕಾರಿ. ಯುದ್ಧ ಅವರ ಊರಿನೊಳಕ್ಕೇ ಬಂದಿತ್ತು. ಟ್ಯಾಂಕು ಬಯಲಿನ ಪ್ರಾಣಿ, ಓಣಿಗೆ ಹೊಕ್ಕರೆ ಕುರುಡು ಎಂದರು. ಅವರ ಟ್ಯಾಂಕು ಒಂದು ಚಿಕ್ಕ ದವಾಖಾನೆಯ ಎದುರು ಸಿಕ್ಕಿಬಿದ್ದಿತ್ತು. ದವಾಖಾನೆಯೊಳಗೆ ಹನ್ನೊಂದು ಗಾಯಾಳುಗಳು, ಒಬ್ಬ ನರ್ಸ್. ಓಣಿಯ ಆ ತುದಿಯ ಆಚೆ ಮರೆಯಲ್ಲಿ ಆಂಬುಲೆನ್ಸ್ ಇತ್ತು, ಆದರೆ ಒಳಗೆ ಬರುವಂತಿರಲಿಲ್ಲ. ಆ ತುದಿಯ ಮಾಳಿಗೆಗಳಿಂದ ಗುಂಡು ಹಾರುತ್ತಿತ್ತು. ಗಾಯಾಳುಗಳನ್ನು ಬಿಟ್ಟು ಹಿಂದೆ ಸರಿಯಿರಿ ಎಂದು ಮೇಲಿನಿಂದ ಆಜ್ಞೆ ಬಂತು. ಅದಾಗಿ ಸ್ವಲ್ಪ ಹೊತ್ತಿಗೆ ರೇಡಿಯೋ ಸತ್ತಿತು. “ಆಜ್ಞೆ ಸರಿಯಾಗಿ ಕೇಳಿಸಲಿಲ್ಲ ಅಂತ ಆಮೇಲೆ ಬರೆದುಕೊಟ್ಟೆ ಉಸ್ತಾದ್. ನನ್ನ ಜೀವನದಲ್ಲಿ ನಾನು ಬರೆದ ಒಂದೇ ಸುಳ್ಳು” ಎಂದು ನಕ್ಕರು. ಮೇಷ್ಟರಿಗೆ ಅವರಲ್ಲಿ ಉಸ್ತಾದ್ ಎನ್ನುತ್ತಾರೆ.

ಗಾಯಾಳುಗಳನ್ನು ಟ್ಯಾಂಕಿನ ಬೆನ್ನ ಮೇಲೆ, ತೋಪಿನ ಗೋಪುರದ ಮರೆಗೆ, ಹಾಸಿಗೆ ಹಾಸಿ ಮಲಗಿಸಿದರು. ಆದರೆ ಟ್ಯಾಂಕು ಹೊರಡುವುದು ಹೇಗೆ? ಚಾಲಕ ಹೊರಗೆ ನೋಡುವ ಗಾಜುಗಳು ಒಡೆದಿದ್ದವು. ಉಳಿದದ್ದು ಅಂಗೈ ಅಗಲದ ಒಂದು ಚೂರು. ಒಳಗಿನವರು ಮಾತಾಡಿಕೊಳ್ಳುವ ತಂತಿಯೂ ಕಡಿದಿತ್ತು. ಓಣಿಯಲ್ಲಿ ಕುಸಿದ ಗೋಡೆಗಳು, ಗೋಡೆಗಳ ನಡುವೆ ಓಡಲಾಗದೆ ಬಿದ್ದ ಜನ. ಯಾರಾದರೂ ಇಳಿದು ಮುಂದೆ ನಡೆದು ದಾರಿ ತೋರಿಸಲೇಬೇಕು. ಕ್ಯಾಪ್ಟನ್ ಇಳಿದರು. ಧೂಳಿನಲ್ಲಿ ಆ ಗಾಜಿನ ಚೂರಿಗೆ ಏನಾದರೂ ಕಾಣಬೇಕಾದರೆ ಬಿಳಿಯೇ ಆಗಬೇಕೆಂದು ನರ್ಸ್ ಅವರ ಎರಡೂ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿದಳು. ಚಾಲಕನಿಗೆ ಅವರು ಹೇಳಿದ್ದು ಇಷ್ಟೇ: “ನನ್ನ ಕೈ ಕಂಡರೆ ಬಾ. ಕಾಣದಿದ್ದರೆ ನಿಲ್ಲು. ನನ್ನನ್ನು ಹುಡುಕಬೇಡ.”

“ಟ್ಯಾಂಕಿನ ಮುಂದೆ ಹಿಂದಕ್ಕೆ ನಡೆಯಬಾರದು ಅಂತ ತರಬೇತಿಯ ಮೊದಲ ದಿನವೇ ಹೇಳಿಕೊಡ್ತಾರೆ. ಎಡವಿ ಬಿದ್ದರೆ ಮುಗಿಯಿತು, ಮೇಲೆ ಹತ್ತುತ್ತದೆ. ನಾನು ಆ ಓಣಿ ಪೂರ್ತಿ ಹಿಂದಕ್ಕೇ ನಡೆದೆ. ಬೇರೆ ಉಪಾಯ ಇರಲಿಲ್ಲ. ಕೈ ಅವನ ಕಡೆ ಇರಬೇಕಿತ್ತಲ್ಲ.”

ಅಂದರೆ ಬೆನ್ನು ಗುಂಡು ಹಾರಿಸುವವರ ಕಡೆಗೆ. ಶತ್ರುವಿಗೆ ಬೆನ್ನು ತೋರಿಸುವುದೆಂದರೆ ನಮ್ಮಲ್ಲಿ ಹೇಡಿತನ. ಈ ಮನುಷ್ಯ ಮುನ್ನೂರು ಹೆಜ್ಜೆ ಬೆನ್ನು ತೋರಿಸಿಕೊಂಡು ನಡೆದಿದ್ದಾನೆ; ಅದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಕೇಳಿಲ್ಲ. ಅರ್ಧ ದಾರಿಯಲ್ಲಿ ಎಡ ಭುಜದ ಹಿಂದೆ ಗುಂಡು ಹೊಕ್ಕಿತು. ಕೈ ಬಿದ್ದುಹೋಯಿತು. ಮತ್ತೆ ಎತ್ತಿದರೆ ಎದೆಯವರೆಗೆ ಮಾತ್ರ ಬಂತು. ಹಾಗೆಯೇ ನಡೆದರು. ಓಣಿಯ ತುದಿಯಲ್ಲಿ ಕಾಲು ತಪ್ಪಿ ಬಿದ್ದರು. ಟ್ಯಾಂಕಿನ ಸರಪಳಿ ಅವರ ಬೂಟಿನ ತುದಿಗೆ ತಾಗಿ ನಿಂತಿತು. ಹನ್ನೊಂದು ಮಂದಿಯೂ ಬದುಕಿದರು.

ನಿಮಗೆ ಪದಕ ಕೊಟ್ಟಿರಬೇಕಲ್ಲ ಎಂದೆ. ಕೊಟ್ಟರು, ತಾಯಿಯ ಪೆಟ್ಟಿಗೆಯಲ್ಲಿದೆ ಎಂದರು. “ಅದು ಸಿಗಬೇಕಾದದ್ದು ನನಗಲ್ಲ. ಇಷ್ಟಗಲದ ಗಾಜಿನಲ್ಲಿ ನೋಡಿಕೊಂಡು, ಕೈ ಕಾಣದ ಕ್ಷಣವೇ ನಿಂತನಲ್ಲ, ಅವನಿಗೆ. ಸೈನ್ಯಕ್ಕೆ ಬರುವ ಮೊದಲು ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದವನು. ಎಷ್ಟೋ ಜನ ಚಾಲಕರು ನಿಲ್ಲುವುದಿಲ್ಲ ಉಸ್ತಾದ್, ಹುಡುಕಿಕೊಂಡು ಮುಂದೆ ಬರ್ತಾರೆ.” ಲೋಟ ಕೆಳಗಿಟ್ಟು ಎದ್ದರು. “ಆದರೂ ಬಸ್ಸೇ ಕಷ್ಟ. ಟ್ಯಾಂಕಿನೊಳಗೆ ನಲವತ್ತು ಮಕ್ಕಳು ಕಿರುಚುವುದಿಲ್ಲ.”

ನನ್ನ ಅನುಭವವನ್ನು ನಾನು ಅವರಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ನಾನು ಕಾರು ನಿಲ್ಲಿಸಿದ ದಿನವೇ ಅವರು ಓಣಿಯಲ್ಲಿ ನಡೆದರು ಎಂದು ಬರೆದರೆ ಕಥೆ ಚೆಂದವಾಗುತ್ತಿತ್ತು. ಹಾಗಿಲ್ಲ. ಅವರು ನಡೆದದ್ದು ಎಷ್ಟೋ ವರ್ಷಗಳ ಹಿಂದೆ. ಹೆದ್ದಾರಿಯಲ್ಲಿ ನನಗೆ ಕಂಡದ್ದು ಸತ್ತವನೂ ಅಲ್ಲ. ಅವರು ಬದುಕಿದ್ದಾರೆ, ಸಕ್ಕರೆ ಹೆಚ್ಚು ಹಾಕಿ ಚಹಾ ಕುಡಿಯುತ್ತಾರೆ. ಹಾಗಾದರೆ ಉಳಿದದ್ದು ನನ್ನ ಮೂರನೆಯ ಪ್ರಶ್ನೆ. ಮೊದಲೇ ಕಥೆ ಕೇಳಿದ್ದಿರೇ? ಅದನ್ನು ಮೊದಲ ಬಾರಿಗೆ ನನಗೆ ನಾನೇ ಕೇಳಿಕೊಂಡೆ.

ಉತ್ತರವೂ ಸಿದ್ಧವಿತ್ತು. ಮನುಷ್ಯನ ನೆನಪು ಫೋಟೋ ಅಲ್ಲ, ಪ್ರತಿ ಸಲ ತೆಗೆದಾಗಲೂ ತನ್ನನ್ನೇ ಹೊಸದಾಗಿ ಬರೆದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಕಂಡದ್ದು ಬರೀ ಮಸುಕು. ಅಂಗಳದಲ್ಲಿ ಬಿಳಿ ಪಟ್ಟಿ ನೋಡಿದ ಮೇಲೆ, ಕಥೆ ಕೇಳಿದ ಮೇಲೆ, ಮೊದಲ ಮಂಜಿನೊಳಗೆ ನಾನೇ ಪಟ್ಟಿ ಕಟ್ಟಿದ ಕೈಗಳನ್ನು ಇಟ್ಟೆ, ಎಡಗೈಯನ್ನು ಬೀಳಿಸಿದೆ, ಹಿಂದಕ್ಕೆ ನಡೆಸಿದೆ. ಅಥವಾ ದಿನಾ ನೋಡುತ್ತಿದ್ದ ಕ್ಯಾಪ್ಟನ್ನರ ಸನ್ನೆಯನ್ನೇ ಹೆದರಿಕೆಯಲ್ಲಿ ಕಂಡೆ. ಎರಡೂ ಒಪ್ಪುವಂಥ ಮಾತು. ಯಾರಾದರೂ ಬಂದು ಇದೇ ಕಥೆ ಹೇಳಿದ್ದರೆ ನಾನು ಇದನ್ನೇ ಹೇಳಿ ಕಳಿಸುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಕೆಲವು ದಿನ ಈ ವಿವರಣೆ ಸಾಕೆನಿಸುತ್ತಿತ್ತು. ಕೆಲವು ದಿನ ಘಂತೂತ್ ದಾಟುವಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಂದು ಸಂಗತಿ ನನ್ನ ನೆನಪಿನಲ್ಲಿ ಸುಳ್ಳಾದರೆ ಇನ್ನುಳಿದದ್ದು ಎಷ್ಟು ನಿಜ ಎಂಬ ಭಯ ಶುರುವಾಗಿತ್ತು. ತೀರಿಕೊಂಡ ಅಪ್ಪನ ಕೊನೆಯ ಮಾತು ಕೂಡ ನಾನೇ ಬರೆದುಕೊಂಡದ್ದೇ ಎಂದು ಅನುಮಾನಿಸುವ ಮಟ್ಟಕ್ಕೆ ಹೋದೆ. ಯಾವ ಚಳಿಗಾಲ ಮೊದಲು, ಕ್ಯಾಪ್ಟನ್ ಯಾವಾಗ ಬಂದರು ಎಂಬುದೂ ಕಲಸಿಹೋಯಿತು. ಅವರು ಮೊದಲಿನಿಂದಲೂ ಆ ಅಂಗಳದಲ್ಲಿ ನಿಂತಿದ್ದ ಹಾಗೇ ನನಗೆ ನೆನಪು.

ಕಳೆದ ತಿಂಗಳು ಐರಿನ್ ಸಿಸ್ಟರ್ ಊರಿಗೆ ವಾಪಸು ಹೊರಡುವವರಿದ್ದರು. ಕೊನೆಯ ದಿನ ಕಾರಿನಲ್ಲಿ ಕೇಳಿದೆ, ಆವತ್ತು ನೀವು ಅಕ್ಕನಿಗೆ ಮಾತಾಡಿ ಕಳಿಸಿದ್ದು ಇದೆಯೇ? “ಅದೆಂತಕ್ಕೆ ನಿಮಗೆ?” ಎಂದರೂ, ಅಕ್ಕನ ಫೋನಿನಿಂದ ಹುಡುಕಿಸಿ ಎರಡು ದಿನ ಬಿಟ್ಟು ನನಗೆ ಕಳಿಸಿದರು. ನಲವತ್ತು ಸೆಕೆಂಡಿನ ಧ್ವನಿ. ಅವರು ಕೊಂಕಣಿಯಲ್ಲಿ ನಾವು ಬದುಕಿದ್ದೇವೆ, ಹೆದರಬೇಡ ಎನ್ನುತ್ತಿದ್ದಾರೆ. ಅದರ ಹಿಂದೆ, ಸ್ವಲ್ಪ ದೂರದಲ್ಲಿ, ಕನ್ನಡದಲ್ಲಿ ಇನ್ನೊಂದು ಧ್ವನಿ ಸುಧಾಕರಣ್ಣನಿಗೆ ಹೇಳುತ್ತಿದೆ: “ಹಿಂದೆ ಹಿಂದೆ ನಡೀತಿದ್ದ ಮಾರಾಯ್ರೆ. ಎರಡೂ ಕೈಗೆ ಬ್ಯಾಂಡೇಜ್ ಕಟ್ಟಿದ್ದ. ಎಡಗೈ ಬಿದ್ದು ಹೋಯ್ತು, ಆಮೇಲೆ ಎದೆಯವರೆಗೆ ಮಾತ್ರ ಎತ್ತಿದ.”

ಆ ಧ್ವನಿ ನನ್ನದು. ಮರುದಿನ ಶಾಲೆಯ ಕಚೇರಿಗೆ ಹೋಗಿ, ಹಾಜರಿಯ ನೆಪ ಹೇಳಿ, ಕ್ಯಾಪ್ಟನ್ನರ ಕಡತ ತೆಗೆಸಿ ನೋಡಿದೆ. ಅವರು ಮೊದಲ ಬಾರಿಗೆ ಈ ದೇಶದ ವಿಮಾನ ನಿಲ್ದಾಣದಲ್ಲಿ ಇಳಿದ ಮುದ್ರೆ ಪಾಸ್‌ಪೋರ್ಟಿನ ಪ್ರತಿಯಲ್ಲಿ ಸ್ಪಷ್ಟವಾಗಿತ್ತು. ಆ ಧ್ವನಿ ದಾಖಲಾದ ಹತ್ತು ತಿಂಗಳ ನಂತರದ ತಾರೀಖು.